ಕೇಳಿ ತಂದ ಮುಖಗಳು

ಪ್ರಶಸ್ತಿ ಬಂದದ್ದು ನೆಹರೂ ಮೈದಾನದ ಲಾಠಿ ಏಟಿಗೆ.
ಎತ್ತಿದ ಕೈ, ಹಾರಿದ ಟೋಪಿ, ನಡುವ ಒಂಟಿ ಚಪ್ಪಲಿ,
ಸೆಕೆಂಡಿನಾಗ ಐನೂರನೇ ಒಂದು ಪಾಲು.
ಗ್ವಾಡಿಗೆ ಹಾಕೇನಿ, ಬಂದವರು ನೋಡತಾರ.
ಆದರ ಮೂವತ್ತೊಂದು ವರ್ಷದ ನನ್ನ ನೌಕರಿ
ಅದಲ್ಲ.

ನನ್ನ ನೌಕರಿ ಬಾಗಲಾ ಬಡಿಯೋದು.

ರಾತ್ರಿ ಎಂಟಕ್ಕ ಡೆಸ್ಕಿನಿಂದ ಫೋನು:
'ಮೌಲಾಲಿ, ನೂಲ್ವಿ ಹತ್ತಿರ ಟೆಂಪೊ ಬಿದ್ದೈತಂತ, ನಾಲ್ಕು ಮಂದಿ.
ಟೆಂಪೊ ಬ್ಯಾಡ, ಟೆಂಪೊ ದಿನಾ ಬೀಳತಾವ.
ಮುಖಾ ಬೇಕು. ಹತ್ತೂವರಿಗೆ ಪುಟ ಹೋಗತೈತಿ.'

ಅಳೋ ಮನ್ಯಾಗ ಯಾರ್ನ ಕೇಳಬೇಕು, ಅದೊಂದು ವಿದ್ಯೆ.
ತಾಯೀನ್ನ ಅಲ್ಲ, ಹೇಣ್ತೀನ್ನ ಅಲ್ಲ,
ಕಟ್ಟೀ ಮ್ಯಾಲ ಬೀಡಿ ಹಿಡದು
ಹಚ್ಚೋದು ಮರತು ಕುಂತಿರತಾನಲ್ಲ ಷಡ್ಡಕ, ಅವನ್ನ.
ಅವ ಎದ್ದು ಒಳಗ ಹೋಗತಾನ, ಟ್ರಂಕು ತೆಗೀತಾನ.
ಆ ಟ್ರಂಕಿನ ಮುಚ್ಚಳದ ಸಪ್ಪಳ
ನನ್ನ ಶಟರಿಗಿಂತ ಹೆಚ್ಚು ಕೇಳೇನಿ.

ಸಿಗೋದೇನು?
ಲೈಸೆನ್ಸಿನ ಅರ್ಜಿಗೆ ಅಂಟಿಸಿ ಉಳಿದ ಮೂರನೇ ಪ್ರತಿ.
ಲಗ್ನದ ಗುಂಪಿನಾಗ ಹಿಂದಿನ ಸಾಲು, ಅರ್ಧ ಮುಖ,
ಉಳಿದರ್ಧ ಯಾರದೋ ಪಟಗಾ.
ಹತ್ತನೇ ಇಯತ್ತೆಯ ಹಾಲ್ ಟಿಕೆಟ್ಟು, ಮೂಗಿನ ಮ್ಯಾಲ ಸಾಲೀ ಶಿಕ್ಕಾ.
ಅಂಗಳದ ಬಲ್ಬಿನ ಕೆಳಗ ನೆಲಕ್ಕಿಟ್ಟು
ಮೊಣಕಾಲೂರಿ, ಉಸಿರು ಹಿಡದು, ಫೋಟೋದ ಫೋಟೋ ತೆಗದು
ತಿರುಗಿ ಅವರ ಕೈಗೇ ಕೊಟ್ಟು ಬರತಿದ್ದೆ.
ಒಂದೂ ಕಳದಿಲ್ಲ. ಬೇಕಾದರ ಕೇಳ್ರಿ.

ಅಂಚಟಗೇರಿಯ ಒಂದ ಮನ್ಯಾಗ ಏನೂ ಇರಲಿಲ್ಲ.
ಷಡ್ಡಕ ಇರಲಿಲ್ಲ, ಟ್ರಂಕೂ ಇರಲಿಲ್ಲ.
ಮುದುಕಿ ನನ್ನ ಕ್ಯಾಮರಾ ಮುಟ್ಟಿ ಅಂದಳು:
'ಇದರಾಗ ಇದ್ದಾನು ನೋಡಪ್ಪಾ.
ನೀ ಪ್ಯಾಟ್ಯಾಗ ಎಲ್ಲಾರ್ನೂ ತೆಗೀತೀಯಂತ,
ಅವನೂ ಪ್ಯಾಟ್ಯಾಗ ಹಮಾಲಿ ಮಾಡತಿದ್ದ.'

ಹತ್ತೂವರಿ ಆಗಿಹೋತು. ನಾಲ್ಕನೇ ಚೌಕದಾಗ
ಬರೇ ಹೆಸರು ಬಂತು, ಅದೂ ತಪ್ಪಾಗಿ.

ಮೂರು ರಾತ್ರಿ ಗಣೇಶಪೇಟೆಯ ನನ್ನ ಬಚ್ಚಲದಾಗ,
ಕೆಂಪು ದೀಪ, ಹೈಪೋ ವಾಸನಿ, ಕಣ್ಣಿಗೆ ಭೂತಗನ್ನಡಿ.
ಅಮರಗೋಳದ ಯಾರ್ಡಿನಾಗ
ಮೆಣಸಿನಕಾಯಿ ಘಾಟಿಗೆ ಕೆಮ್ಮಿಕೋತ ತೆಗೆದ
ಇಪ್ಪತ್ತೆರಡು ರೋಲು.
ಎಲ್ಲಾ ಚಂದ ಇದ್ದವು. ಓರೆ ಬಿಸಲು, ಧೂಳು,
ಬಾಗಿದ ಬೆನ್ನು, ಬೆನ್ನ ಮ್ಯಾಲ ಚೀಲ.
ಚೀಲದ ಕೆಳಗ ಕಾಲಿದ್ದವು.
ಒಂದರಾಗೂ ಮುಖ ಇರಲಿಲ್ಲ.
ಹಂಗ ಬೇಕಂತಲೇ ಕಾಯ್ದು ತೆಗದವ ನಾನ.

ಆದರೂ ಒಂದು ಪ್ರಿಂಟು ಮಾಡಿದೆ.
ಎರಡು ಕಾಲು, ಎಡಗಾಲ ಹೆಬ್ಬಟ್ಟಿಗೆ ಚಿಂದಿ ಸುತ್ತಿತ್ತು.
ಮುದುಕಿ ಬಾಗಲದ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದಳು.
'ಈ ಚಿಂದಿ ನನ್ನ ಹಸರ ಸೀರೀದು' ಅಂದಳು.
ಕಪ್ಪು ಬಿಳುಪಿನಾಗ ಹಸರು ಹೆಂಗ ಕಂಡಿತು
ನಾ ಕೇಳಲಿಲ್ಲ.
ಜಗಲೀ ಮ್ಯಾಲ ಇಟ್ಟು ಊದಿನಕಡ್ಡಿ ಹಚ್ಚಿದಳು, ಎರಡು ಕಾಲಿಗೆ.

ಆಮ್ಯಾಲ ಯಾರ್ಡಿಗೆ ಹೋದಾಗೆಲ್ಲ
ಚೀಲ ಇಳಿಸೋ ತನಕ ಕಾಯಾಕ ಕಲತೆ.
ಟವೆಲ್ಲಿನಿಂದ ಮುಖಾ ಒರಸಿಕೊಂಡು, ಸುಮ್ಮನ ನಿಂತ ಮಂದಿ.
ಡೆಸ್ಕಿನವರು ನಕ್ಕರು: 'ಇದರಾಗ ಸುದ್ದಿ ಎಲ್ಲೈತೊ ಮಾರಾಯಾ?'
ಇರಲಿಲ್ಲ. ಒಂದೂ ಅಚ್ಚಾಗಲಿಲ್ಲ.
ಹಿಂದ ಪೆನ್ಸಿಲ್ಲಿನಾಗ ಹೆಸರು, ಊರು ಬರದಿಟ್ಟೆ:
ಯಲ್ಲಪ್ಪ ಕುಸುಗಲ್, ದ್ಯಾಮಣ್ಣ, ಇನ್ನೊಬ್ಬ ದ್ಯಾಮಣ್ಣ, ರಾಜೇಸಾಬ...

ಈಗ ನಾ ತಲಪೋದರಾಗ ಮುಖಾ ಎಲ್ಲಾರ ಫೋನಿನಾಗ ಬಂದಿರತಾವ,
ಸತ್ತವರು ಸೆಲ್ಫಿಯಾಗ ನಗತಿರತಾರ.
ನನಗ ಶಾಲು ಹೊಚ್ಚಿ, ಗಡಿಯಾರ ಕೊಟ್ಟು ಕಳಿಸಿದರು.
ಗಡಿಯಾರ ಹತ್ತು ನಿಮಿಷ ಮುಂದ ಓಡತೈತಿ, ಹಂಗ ಬಿಟ್ಟೇನಿ.

ನಿನ್ನೆ ಸಂಜೀಕ ಯಾರೋ ಬಾಗಲಾ ಬಡದರು.
ಹದಿನೇಳು ಹದಿನೆಂಟರ ಹುಡುಗ, ಒಳಗ ಬರವಲ್ಲ.
ಹೊಸ್ತಿಲದಾಗ ನಿಂತು ಕೈಯಾನ ಹೆಲ್ಮೆಟ್ಟು ತಿರುವಿಕೋತ ಅಂದ:
'ಸಾಬರ, ನಮ್ಮಜ್ಜಂದು ನಿಮ್ಮ ಹತ್ತಿರ ಒಂದು ಇರಬೇಕಂತ.
ದ್ಯಾಮಣ್ಣ ಅಂತ.'

ಯಾವ ದ್ಯಾಮಣ್ಣ, ಅಂದೆ.
ತಡಿ, ಟ್ರಂಕು ತೆಗೀತೇನಿ.