ಗುಂಡುಸೂಜಿ

ಬೆಂದೂರ್‌ವೆಲ್‌ನಲ್ಲಿ ಮೂರನೇ ಮಹಡಿ, ತಂಪು ಕೋಣೆ.
ನನ್ನ ಮಗನಿಗಿಂತ ಸಣ್ಣ ಪ್ರಾಯದ ಡಾಕ್ಟರು
ಬಿಳಿ ಪೆನ್ಸಿಲಿನಲ್ಲಿ ಹಣೆಗೆ ಗುರುತು ಹಾಕಿದರು,
ನಾನು ರವಿಕೆ ಬಟ್ಟೆಗೆ ಸೀಮೆಸುಣ್ಣ ಎಳೆಯುವ ಹಾಗೆಯೇ.

"ಹುಬ್ಬು ಗಂಟಿಕ್ಕಿ." ಗಂಟಿಕ್ಕಿದೆ.
"ಬಿಡಿ." ಬಿಟ್ಟೆ.
"ತುಟಿ ಮುಂದೆ ಮಾಡಿ, ಸೀಟಿ ಹೊಡೆಯುವ ಹಾಗೆ."
ದೀಪ ಹತ್ತಿರ ಬಂತು.
"ವಿನೋದಾ ಅವರೇ, ಸಿಗರೇಟು ಏನಾದರೂ...?"

ನಗು ಬಂತು. ಬೀಡಿ ಕಟ್ಟಿದ್ದು ಅಮ್ಮ, ಸೇದಿದ್ದು ಊರು.
ನಾನು ಬಾಯಲ್ಲಿಟ್ಟದ್ದು ಗುಂಡುಸೂಜಿ.
ಮೂವತ್ತೊಂದು ವರ್ಷ, ಸಲಕ್ಕೆ ಏಳೆಂಟು,
ಮೊನೆ ಒಳಗೆ, ತಲೆ ಹೊರಗೆ.
ಮದುಮಗಳ ಸೊಂಟದ ಬಳಿ ಮೊಣಕಾಲೂರಿ
ಒಂದೊಂದೇ ಎಳೆದು ನೆರಿಗೆಗೆ ಚುಚ್ಚುವವರೆಗೆ
ಮಾತಿಲ್ಲ.
ಅತ್ತೆ ಕಣ್ಣಲ್ಲೇ ಬಂಗಾರ ತೂಗಿದ್ದು,
ಅಕ್ಕ ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತದ್ದು,
"ಈ ಬಣ್ಣದಲ್ಲಿ ಇನ್ನೂ ಕಪ್ಪು ಕಾಣ್ತಾಳೆ" ಎಂದ ಚಿಕ್ಕಮ್ಮ:
ಎಲ್ಲಕ್ಕೂ ಬಾಯಿ ತುಂಬ ಸೂಜಿಯೇ ನನ್ನ ಉತ್ತರ.

"ಅಲ್ಲಿ ಬೇಡ," ಅಂದೆ. "ಹಣೆಗೆ ಮಾತ್ರ."

ದುಡ್ಡು ನನ್ನದು, ಮೇ ತಿಂಗಳ ಹನ್ನೆರಡು ಮದುವೆಯದು.
ಹನ್ನೆರಡನೆಯದರಲ್ಲಿ ಫೋಟೋದ ಹುಡುಗ
"ಅಜ್ಜಿ, ಸ್ವಲ್ಪ ಬದಿಗೆ" ಅಂದಿದ್ದ.
ನನಗೆ ಐವತ್ತಮೂರು.

ಇರುವೆ ಕಚ್ಚಿದಷ್ಟೇ ನೋವು.
ಆರನೇ ದಿನ ಹಣೆ ಇಸ್ತ್ರಿಯಾಗಿತ್ತು.

ಕಂಕನಾಡಿ ಮಾರ್ಕೆಟ್ಟಿನಲ್ಲಿ ಬಂಗುಡೆಗೆ
ಬೇಬಿಯಕ್ಕ ಹೇಳಿದ ಕ್ರಯ ಕೇಳಿ
ಎಂದಿನಂತೆ ಹುಬ್ಬು ಗಂಟಿಕ್ಕಿದೆ,
ಇಕ್ಕಿದೆ ಅಂದುಕೊಂಡೆ.
ಮುಖ ಏನೂ ಹೇಳಲಿಲ್ಲ.
ಆಕೆ ಅದೇ ಕ್ರಯಕ್ಕೆ ತೂಗಿ, ಹೊಟ್ಟೆ ಸೀಳಿ,
"ಇವತ್ತು ಭಾರೀ ಖುಷಿಯಲ್ಲಿದ್ದೀರಿ ಮಾರಾಯ್ರೆ!" ಅಂದಳು.
ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು
ಬಸ್ಸಿನಲ್ಲಿ ಕೂತು ಸಿಟ್ಟು ಹುಡುಕಿದೆ.
ಇತ್ತು. ಅದಕ್ಕೆ ಬಾಗಿಲು ಸಿಕ್ಕಿರಲಿಲ್ಲ.

"ನಾಲ್ಕು ತಿಂಗಳು ನಿಂತೀತು," ಅಂದಿದ್ದರು ಡಾಕ್ಟರು,
ಸಾಲ ಹಿಂದಿರುಗಿಸದವರ ದನಿಯಲ್ಲಿ.
ನನಗೇನು ಬೇಸರ? ನಾನು ಹಿಡಿದ ನೆರಿಗೆ
ಎರಡನೇ ಪಂಕ್ತಿಯ ಊಟದವರೆಗೂ ನಿಲ್ಲುವುದಿಲ್ಲ.

ನಿನ್ನೆ ಉರ್ವದಲ್ಲಿ ಒಬ್ಬಳು ಹುಡುಗಿ.
ಹೊರಗೆ ಅವಳ ಮಾವಂದಿರು ಕಾರಿನ ಲೆಕ್ಕ ಮಾತಾಡುತ್ತಿದ್ದರು,
ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.
ಕನ್ನಡಿಯಲ್ಲಿ ನನ್ನನ್ನು ತುಂಬ ಹೊತ್ತು ನೋಡಿ ಕೇಳಿದಳು:
"ಆಂಟಿ, ನಿಮಗೆ ಸಿಟ್ಟೇ ಬರುವುದಿಲ್ವಾ?"

ಬಾಯಲ್ಲಿ ಏಳು ಸೂಜಿ.
ಒಂದೊಂದೇ ಅಂಗೈಗೆ ತೆಗೆದಿಟ್ಟೆ.
ಹಣೆ ಸುಮ್ಮನಿತ್ತು.
ತುಟಿಯ ಸುತ್ತ ಗೆರೆಗಳೆಲ್ಲ
ಒಟ್ಟಾಗಿ ಬಂದು ನಿಂತವು.

"ಬರ್ತದೆ," ಅಂದೆ. "ಕೂತ್ಕೊ."