ಆರನೆಯವರು ಕಾಯಬೇಕು

ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮ ಕೋಲ್ಡ್ ಸ್ಟೋರೇಜು.
ಒಳಗೆ ನಾಲ್ಕು ಡಿಗ್ರಿಯಲ್ಲಿ
ಜಲಂಧರದ ಬಿತ್ತನೆ ಆಲೂಗಡ್ಡೆ
ಮೂಟೆ ಮೇಲೆ ಮೂಟೆ ಮಲಗಿದೆ.
ಗೋಡೆಯ ಈಚೆ, ಹಿಂದೆ ತೂಕದ ಕಲ್ಲು ಇಡುತ್ತಿದ್ದ ಕೋಣೆಯಲ್ಲಿ
ಸರ್ವರು.
ಅದಕ್ಕೆ ನಿದ್ದೆ ಇಲ್ಲ.

ಮೊದಲು ಚೀಟಿಗಳು ಬಸ್ಸಿನ ಕಂಡಕ್ಟರ ಕೈಲಿ ಬರುತ್ತಿದ್ದವು.
ಈಗ ಜನರೇ ಬರುತ್ತಾರೆ, ಕೂತಲ್ಲಿಂದ ಏಳದೆ:
ಅರಸೀಕೆರೆಯಿಂದ ರೆಹಾನಾ, ಎರಡು ತಿಂಗಳ ಕೂಸು ತೊಡೆಯ ಮೇಲೆ;
ಆಲೂರಿನಿಂದ ಜವರೇಶ, ವೇಬ್ರಿಡ್ಜಿನ ತಗಡಿನ ಗೂಡಲ್ಲಿ;
ಹೊಳೆನರಸೀಪುರದ ಶಾಂತಿನಾಥಯ್ಯ, ಕಣ್ಣಿನ ಆಪರೇಷನ್ ಆದಮೇಲೆ
ಅಕ್ಷರವನ್ನು ಬೆಲ್ಲದಚ್ಚಿನಷ್ಟು ದಪ್ಪ ಮಾಡಿಕೊಂಡು.
ಪರದೆ ಅವರ ಮನೆಯದು,
ಅದರಲ್ಲಿ ಕಾಣುವ ಖಾತೆ ಇಲ್ಲಿಯದು, ನನ್ನ ಮೊಣಕಾಲ ಪಕ್ಕದ್ದು.

ಲೈಸೆನ್ಸು ಐದು. ನಾವು ಏಳು ಜನ.
"ಏಳೂ ಜನ ಒಟ್ಟಿಗೆ ಯಾಕಮ್ಮ? ಸರದಿ ಮಾಡ್ಕೊಳಿ" ಅಂದರು ಧಣಿ.

ಹಾಗಾಗಿ ಬಾಗಿಲು ಕಾಯುವುದು ನನ್ನ ಕೆಲಸ.
"ಅಕ್ಕ, ಒಳಗೆ ಯಾರಿದಾರೆ? ಲೋಡು ನಿಂತಿದೆ, ಡ್ರೈವರು ಬೈತಾನೆ."
ನಾನು ಇನ್ನೊಬ್ಬರಿಗೆ ಫೋನು: "ಸಾರ್, ಐದು ನಿಮಿಷ ಆಚೆ ಬನ್ನಿ."
ಬಸ್ಸಿನ ಸೀಟಿಗೆ ಟವೆಲು ಹಾಕಿ ಇಳಿದವರ ಹಾಗೆ
ಕೆಲವರು ತಮ್ಮನ್ನು ಒಳಗೇ ಬಿಟ್ಟು ಹೋಗುತ್ತಾರೆ.
ಶಾಂತಿನಾಥಯ್ಯ ಹೊತ್ತು ಮುಳುಗುವ ಮೊದಲೇ ಉಂಡು
ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿಬಿಡುತ್ತಾರೆ.
ಇಲ್ಲಿ ಅವರ ಹೆಸರಿನ ಮುಂದೆ ಹಸಿರು ಚುಕ್ಕೆ, ಬೆಳಗಿನ ತನಕ.
ಎಬ್ಬಿಸಹೋದರೆ ಡಬ್ಬಿಯೊಂದು ಕೇಳುತ್ತದೆ:
ಉಳಿಸದ ಕೆಲಸ ಹೋಗುತ್ತದೆ, ಪರವಾಗಿಲ್ಲವೇ?
ಮೂವತ್ತೆಂಟು ವರ್ಷ ಲೆಡ್ಜರು ಬರೆದ ಕೈ ಅದು.
ಎಷ್ಟು ಹೊತ್ತಾದರೂ ಫೋನು ಮಾಡಿಯೇ ಒತ್ತುತ್ತೇನೆ.

ಇವರು ಒಬ್ಬರನ್ನೊಬ್ಬರು ನೋಡಿಲ್ಲ.
ಆದರೆ ಪ್ರತಿ ಎಂಟ್ರಿಯ ಕೊನೆಗೆ 'ಷರಾ' ಅಂತ ಒಂದು ಕಾಲಂ ಇದೆಯಲ್ಲ,
ಅಲ್ಲಿ, ಲಾಟ್ ೨೧೪ರ ಎದುರು, ಮೊದಲು ಹಿರಿಯರು ಬರೆದರು:
"ಮೂಟೆ ೪೦. ಹರಿದದ್ದು ೨. ರಾತ್ರಿ ಎರಡು ಗಂಟೆಗೆ ಎಂಟ್ರಿ ಯಾಕಮ್ಮ, ಮಲಗು."
ಅದರ ಕೆಳಗೆ:
"ಮಗು ಬಿಡಲ್ಲ ಸಾರ್. ಹರಿದದ್ದು ೩."
ಅದರ ಕೆಳಗೆ ಆಲೂರು:
"೪. ನಾನೇ ಎಣಿಸಿದ್ದು. ಮಗೂಗೆ ಬಜೆ ನೆಕ್ಕಿಸಿ."

ಆಡಿಟರು ಕನ್ನಡಕ ಮೇಲೇರಿಸಿ ಕೇಳಿದರು:
ಈ ಬಜೆ ಯಾವ ಖಾತೆಗೆ?
ಇತರೆ, ಅಂದೆ.

ಇವತ್ತು, ಮೇ ತಿಂಗಳ ಮೊದಲ ಹದ ಬಿದ್ದ ಮಾರನೇ ದಿನ,
ಗೇಟಿನಾಚೆ ಟ್ರ್ಯಾಕ್ಟರು ಸಾಲು, ಬೀಡಿ ಹೊಗೆ, ಜಗಳ.
ಐದೂ ತುಂಬಿದೆ.
ರೆಹಾನಾ ಪಿಸುಗುಟ್ಟಿದಳು ಫೋನಿನಲ್ಲಿ:
"ಅಕ್ಕ, ಈಗಷ್ಟೇ ಮಲಗಿದೆ. ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು."
ಪಟ್ಟಿ ನೋಡಿದೆ. ಜವರೇಶನ ಕಾಟಾ ಮೇಲೆ ಲಾರಿ ನಿಂತಿದೆ.
ಶಾಂತಿನಾಥಯ್ಯ ನಿಜವಾಗಿ ಎಚ್ಚರವಿದ್ದಾರೆ, ಅಪರೂಪಕ್ಕೆ.
ಉಳಿದಿಬ್ಬರನ್ನು ಕೇಳುವ ಹಾಗಿಲ್ಲ.
ಐದನೆಯ ಹೆಸರು ನನ್ನದು.

ಆಚೆ ಬಂದೆ.
ರಟ್ಟು ಕಿತ್ತ ಹಳೇ ಪುಸ್ತಕ ತೆಗೆದು, ಕಾರ್ಬನ್ ಇಟ್ಟು,
ಕೈಯಲ್ಲೇ ರಸೀದಿ ಬರೆಯುತ್ತ ಕೂತೆ,
ಸರ್ವರಿನ ಬಿಸಿಗಾಳಿ ಕಾಲಿಗೆ ತಾಗುವಷ್ಟು ಹತ್ತಿರ.

ಸ್ವಲ್ಪ ಹೊತ್ತಿಗೆ ಫ್ಯಾನಿನ ಸದ್ದು ಏರಿತು.
ಬಂದಳು.
ಮೆಲ್ಲಗೆ, ಅಂತ ಗದರಿದೆ ಯಂತ್ರಕ್ಕೆ,
ಮಗು ಮಲಗಿದೆ.