ಶಿಲ್ಕು

ದುರ್ಗದ ಬೈಲಿನ್ಯಾಗ, ಬಳಿ ಅಂಗಡಿ ದಾಟಿ,
ಮೆಹರವಾಡೆಯ ಹೋಲ್‌ಸೇಲ್ ದುಕಾನ:
ಬೆಂಕಿಪೆಟ್ಟಿಗಿಯಷ್ಟ ಸಾಬಾಣ, ನೂರಕ್ಕೊಂದು ಡಬ್ಬಿ,
ಹನ್ನೆರಡು ಎಮ್ಮೆಲ್ಲಿನ ಶಾಂಪೂ ಬಾಟ್ಲಿ,
ಬಟ್ಟುದ್ದದ ಪೇಸ್ಟು, ಕಾಗದದ ಕೋಟು ತೊಟ್ಟ ಹಣಿಗಿ.
"ಅಕ್ಕಾರ, ಗೊಂಬಿ ಲಗ್ನ ಮಾಡ್ತೀರೇನ್ರಿ?" ಅಂತಾನ.
ಪ್ರತಿ ಸಲ ಅಂತಾನ. ಪ್ರತಿ ಸಲ ನಗತೀನಿ.
ನಕ್ಕರ ಡಬ್ಬಿಗೆ ಹತ್ತು ರೂಪಾಯಿ ಇಳಿತೈತಿ.

ಮೂವತ್ತೊಂದು ವರ್ಷ ರೈಲ್ವೆ ದವಾಖಾನಿ ಸ್ಟೋರಿನ್ಯಾಗ
ಹತ್ತಿ, ಪಟ್ಟಿ, ಫಿನೈಲು ಬರದ ಕೈ ಇದು.
ನಾ ರಿಟೈರಾದೆ. ಕೈಗೆ ಇನ್ನೂ ಆರ್ಡರ್ ಬಂದಿಲ್ಲ.
ನವನಗರದ ಮ್ಯಾಲಿನ ಮನಿ ದಿನದ ಬಾಡಿಗಿಗೆ ಬಿಟ್ಟೀನಿ,
ಅದರ ಬಚ್ಚಲದ ಕಪಾಟಿಗೂ ಒಂದು ಉದ್ದ ಬುಕ್ಕು:
ಜಮಾ, ಖರ್ಚು, ಶಿಲ್ಕು.

ಯಾರು ಏನು ಒಯ್ತಾರ, ಬುಕ್ಕಿಗೆ ಗೊತ್ತು.
ಲಗ್ನಕ್ಕ ಬಂದ ಗದಗಿನ ಹನ್ನೊಂದು ಮಂದಿ
ಸಾಬಾಣಷ್ಟ ಅಲ್ಲ, ಸಾಬಾಣದ ತಟ್ಟಿನೂ ಒಯ್ದರು,
ಬದ್ಲಿ ಒಂದು ಡಬ್ಬಿ ಅಂಟಿನುಂಡಿ ಬಿಟ್ಟರು.
ಅಂಟಿನುಂಡಿ ಯಾವ ಕಾಲಮ್ಮಿನ್ಯಾಗ ಬರೀಲಿ?
ಹೈಕೋರ್ಟಿಗೆ ಬಂದ ವಾಟ್ನಿ ಕೇಸಿನ ಅಣ್ಣತಮ್ಮರು:
ಒಂದ ಖೋಲಿ, ಎರಡು ಸಾಬಾಣ, ಎರಡು ಟಾವೆಲ್,
ಒಬ್ಬನದು ಇನ್ನೊಬ್ಬ ಮುಟ್ಟಿರಲಿಲ್ಲ.
ಪೇಸ್ಟ್ ಮಾತ್ರ ಒಂದ ಒಡದಿತ್ತು.
ಯಾಕೋ.

ನಮ್ಮ ಕಡೆ ನೀರು ಎಂಟು ದಿನಕ್ಕೊಮ್ಮೆ.
ಬಕೀಟಿನ ಮ್ಯಾಲ ಗ್ವಾಡಿಗೆ ಚೀಟಿ ಅಂಟಿಸೀನಿ:
"ಶವರ್ ಐತಿ. ತಂಬಗಿನೂ ಐತಿ. ತಂಬಗಿ ಛಲೋ."

ಮತ್ತ ಶಿಗ್ಗಾಂವಿಯ ಪ್ರೇಮಲತಾ ಬಾಳಿಕಾಯಿ.
ಇಪ್ಪತ್ತೊಂದು ದಿನಕ್ಕೊಮ್ಮೆ, ಎರಡು ರಾತ್ರಿ,
ಜೋಡಿ ಆಕಿ ನೆಗೆಣ್ಣಿ, ಕೈಯಾಗ ದವಾಖಾನಿ ನೀಲಿ ಫೈಲು.
ಎರಡನೇ ಸಲ ಬಂದು ಹೋದಾಗ
ಬಚ್ಚಲದ ಜಾಳಗಿ ತುಂಬ ಕೂದಲಾ;
ಕಡ್ಡಿ ಚುಚ್ಚಿ ಜಗ್ಗಿ ತಗದೆ, ಗೊಣಗಿದೆ.
ಮೂರನೇ ಸಲ ಶಾಂಪೂ ಇಟ್ಟಲ್ಲೇ ಇತ್ತು,
ಹಣಿಗಿ ತನ್ನ ಕೋಟು ಬಿಚ್ಚಿರಲಿಲ್ಲ.
ಖರ್ಚು: ಸೊನ್ನಿ, ಸೊನ್ನಿ.
ಬರದ ಮ್ಯಾಲೆ ತಿಳೀತು ಏನು ಬರದೆ ಅಂತ.
ಅವತ್ತು ಗೊಣಗಿದ್ದು ಹೊಳ್ಳಿ ಬಾಯಿಗೆ ಬಂತು,
ಸಾಬಾಣದ ನೊರಿಯಂಗ ಕಹಿ.

ನಾಲ್ಕನೇ ಸಲ ಶಾಣ್ಯಾತನ ಮಾಡಿದೆ.
ಶಾಂಪೂ ತಗದೆ. ಹಣಿಗಿ ತಗದೆ.
ಕನ್ನಡಿ ಮ್ಯಾಲೂ ಒಂದು ಟಾವೆಲ್ ಇಳಿಬಿಡಲೇನು ಅಂದುಕೊಂಡು
ಅದು ಹೆಚ್ಚಾತು ಅನಿಸಿ ಬಿಟ್ಟೆ.
ಗಂಧದ ಸಾಬಾಣ ಇಟ್ಟೆ, ದೊಡ್ಡದು, ಬುಕ್ಕಿಗೆ ಬರೀದ.

ರಾತ್ರಿ ಒಂಬತ್ತಕ್ಕ ಪಾವಟಿಗಿ ಮ್ಯಾಲಿಂದ ದನಿ:
"ಅಕ್ಕಾರ, ಈ ಸಲ ಶಾಂಪೂ ಮುಗದಾವೇನ್ರಿ?"
ಹೂಂ ಅಂದಿದ್ದರ ಮುಗೀತಿತ್ತು. ತೊದಲಿದೆ:
"ನಿಮಗ... ಬೇಕಾಗೂದಿಲ್ಲ ಅಂತ..."
ಆಕಿ ತಲಿ ಮ್ಯಾಲಿನ ಸೆರಗು ಸರಿಸಿದಳು.
ಬಲ್ಬಿನ ಬೆಳಕಿನ್ಯಾಗ ತಲಿ
ಈಗಷ್ಟ ಬೆಳಗಿಟ್ಟ ತಂಬಗಿಯಂಗ ಹೊಳೀತಿತ್ತು.
"ಬಳಸಂಗಿಲ್ರಿ, ಖರೆ.
ಮುಚ್ಚಳಾ ತಗದು ವಾಸನಿ ನೋಡಿ ಇಡ್ತೀನಿ.
ಎಲ್ಲಾರಿಗೂ ಇಟ್ಟದ್ದು ನನಗೂ ಇಡ್ರಿ.
ಪೇಶಂಟ್ ನಾ ಅಲ್ಲೆ. ಇಲ್ಲೆ
ಬಾಡಿಗಿ ಕೊಟ್ಟು ಬಂದೀನಿ."
ಹಿಂದ ನಿಂತ ನೆಗೆಣ್ಣಿ ನಕ್ಕಳು. ಆಕಿನೂ ನಕ್ಕಳು.
ನಾನೂ ನಗಬೇಕಂದೆ, ಆಗಲಿಲ್ಲ;
ಕಪಾಟಿನ ಕೀಲಿ ಹುಡುಕಲಿಕ್ಕೆ ಹೋದೆ.

ಅವರು ಹೋದ ಮ್ಯಾಲೆ ಬಚ್ಚಲಾ ತೊಳದೆ.
ಜಾಳಗಿ ಸ್ವಚ್ಛ. ನೀರು ಸರಳ ಹೋತು.
ಶಾಂಪೂದ ಸೀಲು ಒಡದಿತ್ತು, ಒಳಗ ತುಂಬಿದ್ದು ತುಂಬಿದಂಗ.
ಹಣಿಗಿ ಇರಲಿಲ್ಲ.
ಕಿಡಕಿ, ಗಾದಿ, ಕಸದ ಬುಟ್ಟಿ ನೋಡಿದೆ.
ಒಯ್ದಾಳ.

ಖರ್ಚು: ಹಣಿಗಿ, ಒಂದು.
ಶಿಲ್ಕು ಹಾಕಲಿಲ್ಲ.
ಮೆಹರವಾಡೆಗೆ ಫೋನ್ ಹಚ್ಚಿ ಕೇಳಿದೆ:
ದೊಡ್ಡ ಹಣಿಗಿ ಅದಾವೇನು, ಉದ್ದ ಕೂದಲಿಗೆ ಬರೂವು?
ಗೊಂಬಿಗೆ ಯಾಕ್ರಿ ಅಷ್ಟು ದೊಡ್ಡದು, ಅಂದ.
ಬಿಡಿ ಕೊಡಂಗಿಲ್ಲ, ಡಜನ್ ಆದರ ಕೊಡ್ತೀನಿ, ಅಂದ.
ಕೊಡು, ಅಂದೆ.